ಏಳು ಲೀಟರ್ ನೀರು ಚೆಲ್ಲಿದರು, ಒಂದು ಸಿರಿಂಜ್ ಟೆಸ್ಟ್‌ಗೆ ಕಳಿಸಲಿಲ್ಲ

ಏಳು ಲೀಟರ್. ಕಳೆದ ಏಪ್ರಿಲ್‌ನಲ್ಲಿ ನಮ್ಮ ಸೋದರಮಾವನ ಹೊಟ್ಟೆಯಿಂದ ಒಂದೇ ಮಧ್ಯಾಹ್ನ ತೆಗೆದ ನೀರು ಅದು. ಆಯಾ ಅದನ್ನು ಬಕೆಟ್‌ನಲ್ಲಿ ಒಯ್ದು ಚೆಲ್ಲಿ ಬಂದರು. ಅದರಲ್ಲಿ ಇಪ್ಪತ್ತು, ಮೂವತ್ತು ಮಿಲಿ ಲ್ಯಾಬ್‌ಗೆ ಹೋಗಿದ್ದರೆ ಸಾಕಿತ್ತು. ಅವರು ಕಳಿಸಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕು ಅನ್ನೋದೇ ಗೊತ್ತಿರಲಿಲ್ಲ.

ಮಾವ ಗಂಗಾವತಿಯಲ್ಲಿ ರೈಸ್ ಮಿಲ್ ಗುಮಾಸ್ತ. ಲಿವರ್ ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ಕಾಯಿಲೆ ಇದೆ ಅಂತ ಗೊತ್ತಾಗಿ ಎರಡು ವರ್ಷವಾಗಿತ್ತು. ಸಿರೋಸಿಸ್ ಅಂದ ಕೂಡಲೇ ಜನ "ಕುಡಿತಿದ್ರೇನು?" ಅಂತ ಕೇಳುತ್ತಾರೆ. ಮಾವ ಒಂದು ದಿನವೂ ಕುಡಿದವರಲ್ಲ. ಅವರಿಗೆ ಬಂದಿದ್ದು ಹೆಪಟೈಟಿಸ್ ಬಿ ಇಂದ. ಆ ಪ್ರಶ್ನೆಗೆ ಹೆದರಿಯೇ ಅವರು ಎಷ್ಟೋ ಸಲ ಆಸ್ಪತ್ರೆಗೆ ಹೋಗೋದನ್ನು ಮುಂದೂಡಿದ್ದರು.

ಹೊಟ್ಟೆ ಬಿಗಿದು ಉಸಿರಾಡೋಕೂ ಕಷ್ಟವಾದಾಗ ಒಂದು ನರ್ಸಿಂಗ್ ಹೋಮ್‌ಗೆ ಕರೆದುಕೊಂಡು ಹೋದೆವು. ಹೆಸರು ಹಾಕೋದಿಲ್ಲ, ಸುಮ್ನೆ ಜಗಳ ಬೇಡ. ಸೂಜಿ ಹಾಕಿ ನೀರು ತೆಗೆದರು. ಹೊಟ್ಟೆ ಇಳಿಯಿತು. ಅತ್ತೆಗೆ ಖುಷಿಯೋ ಖುಷಿ. ಹೊರಡೋವಾಗ ಮಾವ "ಯಾಕೋ ಹೊಟ್ಟಿ ಸಣ್ಣಗೆ ನೋಯಾಕತ್ತೈತಿ" ಅಂದರು. ಸೂಜಿ ಹಾಕಿದ್ದಕ್ಕೆ ಇರಬೇಕು ಅಂದುಕೊಂಡೆವು.

ಮೂರನೇ ದಿನಕ್ಕೆ ಮಾವ ಮಂಕಾದರು. ಊಟ ಬೇಡ, ಮಾತು ಬೇಡ. ಮೂತ್ರವೂ ಕಡಿಮೆಯಾಯಿತು. ಜ್ವರ ಮಾತ್ರ ಇಲ್ಲ. ಮೈ ಮುಟ್ಟಿ ನೋಡಿ ನೋಡಿ ಸಮಾಧಾನ ಮಾಡಿಕೊಂಡೆವು. ಓಣಿಯ ಆರ್‌ಎಂಪಿ ಡಾಕ್ಟರ್ "ಏನೂ ಇಲ್ಲ ಬಿಡ್ರಿ, ಬಿಸಿಲಿಗೆ ಹಂಗ ಆಗೈತಿ" ಅಂದರು. ನೋವಿಗೆ ಡೈಕ್ಲೊಫೆನಾಕ್ ಸೂಜಿ ಮಾಡಿದರು, ಗ್ಯಾಸ್ ಗುಳಿಗೆ ಕೊಟ್ಟರು. ಏಪ್ರಿಲ್‌ನ ನಮ್ಮ ಕಡೆ ಬಿಸಿಲು ಗೊತ್ತಲ್ಲ, ಯಾರಿಗಾದರೂ ನಂಬಿಕೆ ಬರುವ ಮಾತೇ ಅದು.

ಐದನೇ ದಿನ ಮಿಲ್‌ನಿಂದ ಒಬ್ಬ ಹುಡುಗ ಲೆಕ್ಕದ ಬುಕ್ಕು ತಂದ. 75 ಕೆಜಿಯ ಎಷ್ಟು ಚೀಲಕ್ಕೆ ಎಷ್ಟು ಕ್ವಿಂಟಲ್ ಅಂತ ಬಾಯಲ್ಲೇ ಹೇಳುತ್ತಿದ್ದ ಮನುಷ್ಯ, ಅವತ್ತು ಕೂಡುವ ಲೆಕ್ಕವನ್ನೇ ಮೂರು ಸಲ ತಪ್ಪಿದರು. ಹಗಲೆಲ್ಲ ನಿದ್ದೆ. ರಾತ್ರಿ ಎರಡು ಗಂಟೆಗೆ ಎದ್ದು ಮಿಲ್ಲಿನ ಕೀಲಿ ಎಲ್ಲಿ ಅಂತ ಹುಡುಕಿದರು. ನಾವು ನಕ್ಕೆವು. ಈಗ ಅದನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಮಾರನೇ ದಿನ ಬೆಳಿಗ್ಗೆ ಕರೆದರೆ ಕಣ್ಣು ಬಿಡಲಿಲ್ಲ. ಕಾರಿಗೆ ಹಾಕಿಕೊಂಡು ಕಂಪ್ಲಿ ದಾರಿ ಹಿಡಿದು ಬಳ್ಳಾರಿಗೆ ಹೋದೆವು. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಮುಳುಗುವ ಸೇತುವೆ ಆ ದಾರಿಯಲ್ಲಿದೆ. ಬೇಸಿಗೆ ಅಂತ ಬದುಕಿದೆವು.

ಅಲ್ಲಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಹೊಟ್ಟೆ ನೀರಿನ ರಿಪೋರ್ಟ್ ಎಲ್ಲಿ?" ನಾವು ಮುಖ ಮುಖ ನೋಡಿಕೊಂಡೆವು. ಅವರು ಸ್ಕ್ಯಾನ್‌ಗೂ ಕಾಯದೆ ಸಣ್ಣ ಸೂಜಿ ಹಾಕಿ ನೀರು ತೆಗೆದು ಕಳಿಸಿದರು. ಸಂಜೆಯೊಳಗೆ ರಿಪೋರ್ಟ್ ಬಂತು. ಆ ನೀರಿನಲ್ಲಿ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ಒಂದು ಘನ ಮಿಲಿಮೀಟರ್‌ಗೆ 250 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೋಂಕು ಅಂತ ಲೆಕ್ಕ. ಮಾವನಿಗೆ 1,900 ಇತ್ತು. ಕ್ರಿಯಾಟಿನಿನ್ 3 ದಾಟಿತ್ತು. ಅಂದರೆ ಕಿಡ್ನಿಯೂ ಕೈಕೊಡುತ್ತಿತ್ತು.

ಇದಕ್ಕೆ ಎಸ್‌ಬಿಪಿ (ಸ್ಪಾಂಟೇನಿಯಸ್ ಬ್ಯಾಕ್ಟೀರಿಯಲ್ ಪೆರಿಟೊನೈಟಿಸ್) ಅಂತಾರೆ, ಅಂದರೆ ಹೊಟ್ಟೆಯ ನೀರಿಗೆ ತಾನಾಗಿಯೇ ತಗಲುವ ಸೋಂಕು. ಅತ್ತೆಗೆ ಅರ್ಥವಾಗಲಿ ಅಂತ ಡಾಕ್ಟರ್ ಕಾಲುವೆ ಕಥೆ ಹೇಳಿದರು. ಮುಂದೆ ಗೇಟ್ ಕಟ್ಟಿಕೊಂಡರೆ ಕಾಲುವೆ ನೀರು ಪಕ್ಕದ ಹೊಲಕ್ಕೆ ಬಸಿಯುತ್ತೆ ಅಲ್ವಾ, ಹಾಗೇ ಲಿವರ್ ಗಟ್ಟಿಯಾದರೆ ರಕ್ತ ಸರಾಗ ಹರಿಯದೆ ಹೊಟ್ಟೆಯೊಳಗೆ ನೀರು ಬಸಿಯುತ್ತೆ. ನಮ್ಮೆಲ್ಲರ ಕರುಳಿನಲ್ಲೂ ಇರುವ ಇ. ಕೊಲೈನಂಥ ಬ್ಯಾಕ್ಟೀರಿಯಾ ಕರುಳಿನ ಗೋಡೆ ದಾಟಿ ಆ ನಿಂತ ನೀರಿಗೆ ಸೇರುತ್ತವೆ. ಗಾಯ ಬೇಡ, ತೂತು ಬೇಡ. ಸಿರೋಸಿಸ್ ಇರುವವರ ಮೈಗೆ ಅವನ್ನು ಎದುರಿಸುವ ಶಕ್ತಿಯೂ ಕಡಿಮೆ, ಜ್ವರ ಬರಲೇಬೇಕು ಅಂತೇನಿಲ್ಲ. ಮಂಕುತನ, ಸಣ್ಣ ಹೊಟ್ಟೆನೋವು, ಮೂತ್ರ ಕಡಿಮೆಯಾಗೋದು, ತಲೆ ಗೊಂದಲ. ಕೆಲವರಿಗೆ ಇಷ್ಟೇ. ಇನ್ನು ಕೆಲವರಿಗೆ ಇದೂ ಇಲ್ಲ.

ನೀರು ತೆಗೆಸುವ ಹೊತ್ತಿಗೇ ಸೋಂಕು ಶುರುವಾಗಿತ್ತಾ ಅಂತ ಕೇಳಿದೆ. "ಈಗ ಹೇಗೆ ಹೇಳಲಿ, ಚೆಲ್ಲಿಬಿಟ್ಟಿದ್ದಾರಲ್ಲ" ಅಂದರು.

ಇನ್ನೊಂದು ವಿಷಯಕ್ಕೆ ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಒಂದೇ ಸಲ ಐದು ಲೀಟರ್‌ಗಿಂತ ಜಾಸ್ತಿ ನೀರು ತೆಗೆದರೆ, ತೆಗೆದ ಪ್ರತಿ ಲೀಟರ್‌ಗೆ 6 ರಿಂದ 8 ಗ್ರಾಂ ಲೆಕ್ಕದಲ್ಲಿ ಆಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ಏರಿಸಬೇಕು. ಇಲ್ಲದಿದ್ದರೆ ರಕ್ತನಾಳದಲ್ಲಿ ದ್ರವ ಕಡಿಮೆಯಾಗಿ ಕಿಡ್ನಿಗೆ ಪೆಟ್ಟು. ಮಾವನಿಗೆ ಒಂದು ಹನಿಯೂ ಕೊಟ್ಟಿರಲಿಲ್ಲ. ಅದರ ಮೇಲೆ ಡೈಕ್ಲೊಫೆನಾಕ್. ಸಿರೋಸಿಸ್ ಇರುವವರಿಗೆ ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಔಷಧ ಕೊಡಲೇಬಾರದು, ಅವು ನೇರ ಕಿಡ್ನಿಗೆ ಹೊಡೆಯುತ್ತವೆ. ಗ್ಯಾಸ್ ಗುಳಿಗೆಯನ್ನೂ ನಿಲ್ಲಿಸಿದರು. ಕಾರಣವಿಲ್ಲದೆ ದಿನಾ ನುಂಗಿದರೆ ಇಂಥವರಿಗೆ ಸೋಂಕಿನ ಅಪಾಯ ಜಾಸ್ತಿಯಂತೆ.

ಆಮೇಲೆ ನಡೆದಿದ್ದು ಹನ್ನೆರಡು ದಿನದ ಆಸ್ಪತ್ರೆ ವಾಸ. ಸೆಫೊಟಾಕ್ಸಿಮ್ ಸೂಜಿ, ಕರುಳು ಸ್ವಚ್ಛವಾಗಲು ಲ್ಯಾಕ್ಟುಲೋಸ್, ಜೊತೆಗೆ ಆಲ್ಬುಮಿನ್. ಮೊದಲ ದಿನ ಪ್ರತಿ ಕೆಜಿ ತೂಕಕ್ಕೆ ಒಂದೂವರೆ ಗ್ರಾಂ, ಮೂರನೇ ದಿನ ಒಂದು ಗ್ರಾಂ. ಅರವತ್ತು ಕೆಜಿಯ ಮಾವನಿಗೆ ಮೊದಲ ದಿನವೇ 90 ಗ್ರಾಂ. 20 ಗ್ರಾಂನ ಒಂದು ಬಾಟಲಿಗೇ ಸಾವಿರಗಟ್ಟಲೆ ರೂಪಾಯಿ, ಲೆಕ್ಕ ನೀವೇ ಹಾಕಿ. ಅತ್ತೆಯ ಬೋರಮಳ ಸರ ಗಿರವಿಗೆ ಹೋಯಿತು. ಎರಡು ದಿನದ ಮೇಲೆ ಮತ್ತೆ ಸೂಜಿ ಹಾಕಿ ನೋಡಿದಾಗ ಕಣದ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಕಲ್ಚರ್‌ನಲ್ಲಿ, ಅಂದರೆ ಆ ನೀರಿನ ಬ್ಯಾಕ್ಟೀರಿಯಾವನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವ ಟೆಸ್ಟ್‌ನಲ್ಲಿ, ಏನೂ ಬೆಳೆಯಲಿಲ್ಲ. "ಹಂಗಾದ್ರ ಸೋಂಕೇ ಇದ್ದಿಲ್ಲಲ್ಲ" ಅಂದರು ನಮ್ಮ ಸಂಬಂಧಿಕರೊಬ್ಬರು. ಎಷ್ಟೋ ಜನರಿಗೆ ಕಲ್ಚರ್ ಹೀಗೇ ಖಾಲಿ ಬರುತ್ತದೆ, ನಂಬಬೇಕಾದ್ದು ಕಣದ ಲೆಕ್ಕವನ್ನು. ಇದೇ ಪುಣ್ಯಾತ್ಮರು ಮೊದಲು ಕಾಮಣಿಗೆ ಸೊಪ್ಪಿನ ರಸ ಕುಡಿಸಿ ಅಂದಿದ್ದರು. ಅದನ್ನು ಕುಡಿಸದೆ ಇದ್ದದ್ದೊಂದೇ ನಾವು ಸರಿಯಾಗಿ ಮಾಡಿದ್ದು.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ, ಹೊಟ್ಟೆಗೆ ನೀರು ತುಂಬಿ ಆಸ್ಪತ್ರೆಗೆ ಸೇರಿಸಿದ ದಿನವೇ ನೀರಿನ ಕಣದ ಲೆಕ್ಕ ಮಾಡಿಸಿ ಅಂತ ಬಾಯಿಬಿಟ್ಟು ಕೇಳಿ. ಡಾಕ್ಟರ್‌ಗೆ ಬೇಜಾರಾದರೆ ಆಗಲಿ. ಹಗಲು ನಿದ್ದೆ, ರಾತ್ರಿ ಎಚ್ಚರ ಶುರುವಾದರೆ ಬೆಳಗಾಗಲಿ ಅಂತ ಕಾಯಬೇಡಿ.

ಮಾವ ಈಗ ಮನೆಯಲ್ಲಿದ್ದಾರೆ. ಕಿಡ್ನಿ ಪೂರ್ತಿ ಸುಧಾರಿಸಿಲ್ಲ. ಒಮ್ಮೆ ಬಂದ ಸೋಂಕು ಮತ್ತೆ ಬರೋದು ಜಾಸ್ತಿ ಅಂತ ದಿನಾ ನಾರ್ಫ್ಲಾಕ್ಸಾಸಿನ್ ಗುಳಿಗೆ. ಲಿವರ್ ಕಸಿಯ ಬಗ್ಗೆ ಬೆಂಗಳೂರಿನಲ್ಲಿ ವಿಚಾರಿಸಲು ಹೇಳಿದ್ದಾರೆ, ವಿಚಾರಿಸುತ್ತಿದ್ದೇವೆ. ದಿನಕ್ಕೆ ಎಲ್ಲ ಸೇರಿ ಐದು ಗ್ರಾಂ ಉಪ್ಪು, ಅಂದರೆ ಹೆಚ್ಚು ಕಡಿಮೆ ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಜೆಯ ಒಗ್ಗರಣಿ ಮಿರ್ಚಿ ಎಲ್ಲ ಬಂದ್. ಮಿರ್ಚಿ ವಿಷಯಕ್ಕೆ ಮಾವ ಇನ್ನೂ ಅತ್ತೆಯ ಜೊತೆ ಮಾತು ಬಿಟ್ಟು ಕೂರುತ್ತಾರೆ.

ದಿನಾ ಬೆಳಿಗ್ಗೆ ಅತ್ತೆ ಅವರ ತೂಕ ನೋಡಿ ಹಳೇ ಲೆಕ್ಕದ ಬುಕ್ಕಿನಲ್ಲಿ ಬರೆದಿಡುತ್ತಾರೆ. ಮೊನ್ನೆ ಫೋನ್ ಮಾಡಿ, "ಮೂರು ದಿನದಾಗ ಎರಡು ಕೆಜಿ ಏರೈತಿ ನೋಡಪಾ, ನಾಳೆ ಹೋಗೂಣು. ಈ ಸಲ ನೀರು ಚೆಲ್ಲಾಕ ಬಿಡಂಗಿಲ್ಲ, ಬಾಟ್ಲಿ ಕೈಯಾಗ ಹಿಡಕೊಂಡು ನಾನ ಲ್ಯಾಬಿಗೆ ಹೋಗ್ತೀನಿ" ಅಂದರು.