‘ಏಳು ರಾತ್ರಿ ಹಡಗು’ ಎಂದು ಎರಡು ಟಿಕೆಟ್ ಮಾರುತ್ತಿದ್ದಾರೆ: ಸಿಂಗಪುರ ಕ್ರೂಸಿಗೆ ಮುಂಗಡ ಕೊಡುವ ಮುಂಚೆ ಓದಿ

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಗೊಬ್ಬರ, ಬೀಜ, ಸಿಮೆಂಟಿನ ಡೀಲರುಗಳಿಗೆ ಕಂಪನಿ ಸ್ಕೀಮಿನಲ್ಲಿ ಫಾರಿನ್ ಟೂರ್ ಬೀಳುವುದು ಹೊಸದಲ್ಲ. ಈಗೀಗ ಆ ಸ್ಕೀಮಿಗೆ ಕೈಯಿಂದ ರೊಕ್ಕ ಸೇರಿಸಿ ಮನೆಮಂದಿಯನ್ನೂ ಕರೆದುಕೊಂಡು ಹೋಗುತ್ತಾರೆ, ‘ಈ ಸಲ ಹಡಗಿಂದು ಇರಲಿ’ ಎಂದು ಕೇಳುತ್ತಾರೆ. ಮೇ ತಿಂಗಳು ಎಲ್ಲರಿಗೂ ಅನುಕೂಲ. ಮಕ್ಕಳಿಗೆ ರಜೆ, ಎರಡನೇ ಬೆಳೆ ಕಟಾವಾಗಿರುತ್ತದೆ, ಕಾಲುವೆಗೆ ನೀರು ಬಿಡುವುದು ಇನ್ನೂ ದೂರ, ಅಂಗಡಿಯಲ್ಲಿ ಗಿರಾಕಿ ಕಡಿಮೆ. ಈ ಬಿಡುವು ನೋಡಿಯೇ ಏಜೆಂಟರು ಬರುತ್ತಾರೆ. “ಸಾವ್ಕಾರ್ರ, ಸಿಂಗಪುರದಾಗ ಹಡಗು ಹತ್ತಿದ್ರ ಏಳು ರಾತ್ರಿ ಇಳಿಯಂಗೇ ಇಲ್ಲ. ಊಟ, ಆಟ, ರೂಮು ಎಲ್ಲಾ ಅದರಾಗ. ಹೋಟೆಲಿಗಿಂತ ಅಗ್ಗ ಬೀಳ್ತೈತ್ರಿ.”

ಅಂಥ ಏಳು ರಾತ್ರಿ ಬಹಳ ಸಲ ಒಂದು ಪ್ರಯಾಣವೇ ಆಗಿರುವುದಿಲ್ಲ. ಮೂರು ರಾತ್ರಿಯದೊಂದು, ಅದು ಮುಗಿದ ದಿನವೇ ಹೊರಡುವ ನಾಲ್ಕು ರಾತ್ರಿಯದೊಂದು, ಹೀಗೆ ಎರಡು ಬುಕಿಂಗ್ ಸೇರಿಸಿ ಒಂದೇ ಹೆಸರಿನಲ್ಲಿ ಮಾರಿರುತ್ತಾರೆ. ಕ್ರೂಸ್ ಮಂದಿ ಇದನ್ನು ಬ್ಯಾಕ್ ಟು ಬ್ಯಾಕ್ ಎನ್ನುತ್ತಾರೆ. ಅದು ಮೋಸವೇನಲ್ಲ, ಗೊತ್ತಿದ್ದು ತೆಗೆದುಕೊಳ್ಳುವವರು ಇದ್ದಾರೆ. ಗೊತ್ತಿಲ್ಲದೆ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಭಾಗದ ಒಂದು ಗುಂಪಿಗೆ ಆದದ್ದನ್ನೇ ನೋಡಿ.

ಮೊದಲ ಕ್ರೂಸ್ ಸಿಂಗಪುರದಿಂದ ಮಲೇಷ್ಯಾದ ಪೆನಾಂಗ್‌ಗೆ ಹೋಗಿ ವಾಪಸ್. ಎರಡನೆಯದು ಸಿಂಗಪುರ, ಪೆನಾಂಗ್, ಥಾಯ್ಲೆಂಡಿನ ಫುಕೆಟ್, ಮತ್ತೆ ಸಿಂಗಪುರ. ಹತ್ತುವ ದಿನವೇ ಒಂದು ಕುಟುಂಬವನ್ನು ಕೌಂಟರಿನಲ್ಲಿ ನಿಲ್ಲಿಸಿದರು. ಮನೆಯ ಹಿರಿಯರೊಬ್ಬರ ವೀಸಾ ಒಂದೇ ಪ್ರವೇಶದ್ದು. ಅವರನ್ನು ಬಿಟ್ಟು ಹೋಗುವ ಮನಸ್ಸಾಗದೆ ಆ ಕುಟುಂಬ ಸಿಂಗಪುರದಲ್ಲೇ ಹೋಟೆಲ್ ಹಿಡಿಯಿತು, ಎರಡೂ ಕ್ರೂಸಿನ ದುಡ್ಡು ಹೋಯಿತು. ಉಳಿದವರು ಪೆನಾಂಗ್ ನೋಡಿ ಬಂದು, ಮಧ್ಯದ ದಿನ ಕ್ಯಾಬಿನ್ ಖಾಲಿ ಮಾಡಿ, ಇನ್ನೊಂದು ಡೆಕ್ಕಿನ ಕ್ಯಾಬಿನ್‌ಗೆ ಹೋಗಿ, ಮತ್ತೆ ಪೆನಾಂಗ್ ನೋಡಿದರು. ಫುಕೆಟ್ ಮುಂದೆ ಹಡಗು ನಿಂತಿತು, ಅಲೆ ಜೋರಿತ್ತು, ಯಾರನ್ನೂ ಇಳಿಸಲಿಲ್ಲ. ಒಂದೇ ಊರನ್ನು ಎರಡು ಸಲ ನೋಡಿದ ಆ ಏಳು ರಾತ್ರಿಯಲ್ಲಿ ಬೀಚಿನಲ್ಲಿ ಕಾಲಿಟ್ಟದ್ದು ಸೊನ್ನೆ. ಈ ಫಜೀತಿಗಳಲ್ಲಿ ಒಂದೂ ಆಕಸ್ಮಿಕವಲ್ಲ. ಬುಕ್ ಮಾಡುವಾಗಲೇ ಎಲ್ಲವನ್ನೂ ಹೇಳಬಹುದಿತ್ತು.

ವೀಸಾ ಲೆಕ್ಕ ಹೀಗಿದೆ. ವಿಮಾನದಲ್ಲಿ ಸಿಂಗಪುರಕ್ಕೆ ಬಂದದ್ದು ಮೊದಲ ಪ್ರವೇಶ. ಹಡಗು ಹತ್ತಿದಾಗ ನೀವು ದೇಶ ಬಿಟ್ಟಂತೆ. ಮೊದಲ ಕ್ರೂಸ್ ಮುಗಿಸಿ ಬಂದದ್ದು ಎರಡನೇ ಪ್ರವೇಶ, ಎರಡನೇ ಕ್ರೂಸಿನಿಂದ ಬಂದದ್ದು ಮೂರನೆಯದು. ಸಿಂಗಪುರ ಹೆಚ್ಚಿನ ಭಾರತೀಯರಿಗೆ ಹಲವು ಪ್ರವೇಶದ ವೀಸಾವನ್ನೇ ಕೊಡುತ್ತದೆ, ಆದರೆ ಪ್ರತಿಯೊಬ್ಬರಿಗೂ ಅದೇ ಸಿಗುತ್ತದೆ ಎನ್ನುವ ಖಾತ್ರಿ ಇಲ್ಲ. ಆದ್ದರಿಂದ ಗುಂಪಿನಲ್ಲಿ ಒಬ್ಬರದು ನೋಡಿ ಎಲ್ಲರದೂ ಸರಿ ಎಂದುಕೊಳ್ಳಬೇಡಿ. ಪ್ರತಿ ವೀಸಾ ಕಾಗದದಲ್ಲಿ ‘ಮಲ್ಟಿಪಲ್ ಜರ್ನಿ’ ಎಂದಿದೆಯೇ, ಕೊನೆಯ ತಾರೀಖು ಎರಡನೇ ಹಡಗು ಬರುವ ದಿನ ದಾಟಿದೆಯೇ ಎಂದು ಕೈಯಿಟ್ಟು ಓದಿ. ಒಂದೇ ಪ್ರವೇಶದ ವೀಸಾ ಇದ್ದವರನ್ನು ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ, ಏಕೆಂದರೆ ವಾಪಸ್ ಇಳಿಸಲು ಆಗುವುದಿಲ್ಲ. ಇದು ಒಂದೇ ಕ್ರೂಸಿಗೂ ಅನ್ವಯ.

ಎಸ್‌ಜಿ ಅರೈವಲ್ ಕಾರ್ಡ್ ಎನ್ನುವ ಆನ್‌ಲೈನ್ ಫಾರಂ ಬೇರೆ. ವೀಸಾ ಇದ್ದರೂ ಅದನ್ನು ತುಂಬಬೇಕು, ಬರುವ ದಿನವೂ ಸೇರಿ ಮೂರು ದಿನದ ಒಳಗೆ, ಪ್ರತಿ ಪ್ರವೇಶಕ್ಕೂ ಹೊಸದಾಗಿ. ಸರ್ಕಾರಿ ತಾಣದಲ್ಲಿ ಅದು ಉಚಿತ, ದುಡ್ಡು ಕೇಳುವ ತಾಣ ಸಿಕ್ಕರೆ ಅದು ನಕಲಿ ಅಥವಾ ದಲ್ಲಾಳಿಯದು. ಮಲೇಷ್ಯಾ ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ ವೀಸಾ ಇಲ್ಲದೆ ಬಿಡುತ್ತಿದೆ, ಆದರೂ ಅವರದೂ ಎಂಡಿಎಸಿ ಎನ್ನುವ ಅಂಥದ್ದೇ ಆನ್‌ಲೈನ್ ಫಾರಂ ಇದೆ. ಥಾಯ್ಲೆಂಡ್ 2025ರ ಮೇ 1ರಿಂದ ಟಿಡಿಎಸಿ ಎನ್ನುವ ಇನ್ನೊಂದನ್ನು ಶುರು ಮಾಡಿದೆ. ಪಾಸ್‌ಪೋರ್ಟಿನ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಬೇಕು.

ಇನ್ನು ಮಧ್ಯದ ದಿನ. ಬೆಳಗ್ಗೆ ಏಳೆಂಟಕ್ಕೆ ಹಡಗು ಸಿಂಗಪುರಕ್ಕೆ ಬರುತ್ತದೆ. ಮೊದಲ ಬುಕಿಂಗಿನ ಲೆಕ್ಕ ಹಿಂದಿನ ರಾತ್ರಿಯೇ ಮುಚ್ಚಿ, ಖರ್ಚಾದದ್ದನ್ನು ಕಾರ್ಡಿನಿಂದ ಕಡಿಯುತ್ತಾರೆ. ಮುಂದುವರಿಯುವವರನ್ನು ಇನ್‌ ಟ್ರಾನ್ಸಿಟ್ ಗುಂಪು ಎಂದು ಒಂದೆಡೆ ಕೂಡಿಸಿ ಕೆಳಗಿಳಿಸಿ, ಇಮಿಗ್ರೇಷನ್ ಮುಗಿಸಿ, ಹೊಸ ಕ್ಯಾಬಿನ್ ಕಾರ್ಡು ಕೊಟ್ಟು ಮತ್ತೆ ಹತ್ತಿಸುತ್ತಾರೆ. ಸಂಜೆ ಹೊರಡುವ ಮುಂಚೆ ಸುರಕ್ಷತಾ ಹಾಜರಿಯೂ ಮತ್ತೆ. ಕ್ಯಾಬಿನ್ ಅದೇ ಇದ್ದರೆ ಸಾಮಾನು ಅಲ್ಲೇ ಬಿಡಬಹುದು, ಕಿರಿಕಿರಿ ಒಂದೆರಡು ಗಂಟೆಯದು. ಬೇರೆ ಇದ್ದರೆ ಎಂಟು ಗಂಟೆಯ ಸುಮಾರಿಗೆ ಎಲ್ಲ ಕಟ್ಟಿ ಹೊರಬೀಳಬೇಕು, ಹೊಸ ಕ್ಯಾಬಿನ್ ಸಿಗುವುದು ಮಧ್ಯಾಹ್ನದ ಮೇಲೆ. ಮೊಣಕಾಲು ನೋವಿನ ತಾಯಂದಿರು, ಚಿಕ್ಕ ಮಕ್ಕಳು ಅಷ್ಟೂ ಹೊತ್ತು ಲಾಬಿಯಲ್ಲಿ ಕೂರುತ್ತಾರೆ. ‘ಇಳಿಯಂಗೇ ಇಲ್ಲ’ ಎಂಬ ಮಾತು ಸುಳ್ಳಾಗುವುದು ಈ ದಿನ.

ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ನಮ್ಮ ಕಡೆ ಬಹಳ. ಬುಕಿಂಗ್ ತಂತ್ರಾಂಶ ಆ ಜಾಗ ಖಾಲಿ ಬಿಡಲು ಒಪ್ಪುವುದಿಲ್ಲ. ಆಗ ಏಜೆಂಟ್ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅದೇ ಹೆಸರನ್ನು ಎರಡು ಸಲ ಹೊಡೆಯುತ್ತಾನೆ. ಎರಡು ಬುಕಿಂಗಿನಲ್ಲಿ ನೀವು ಇಬ್ಬರು ಬೇರೆ ಮನುಷ್ಯರಾಗುತ್ತೀರಿ. ಎರಡೂ ವೋಚರ್ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ, ಎರಡನ್ನೂ ಜೋಡಿಸಿದ್ದಾರೆಯೇ ಎಂದು ಕೇಳಿ. ಜೋಡಿಸಿದ ಮೇಲೂ ಹಣದ ಮಟ್ಟಿಗೆ ಅವು ಬೇರೆಯೇ. ಮೊದಲನೆಯದು ತಪ್ಪಿತೆಂದು ಎರಡನೆಯದರ ದುಡ್ಡು ವಾಪಸ್ ಬರುವುದಿಲ್ಲ.

ಬಸುರಿ ಹೆಣ್ಣುಮಕ್ಕಳಿದ್ದರೆ ಇನ್ನೊಂದು ಲೆಕ್ಕ. ದೊಡ್ಡ ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ 24 ವಾರ ತುಂಬಿದವರನ್ನು ಹತ್ತಿಸುವುದಿಲ್ಲ, ಮತ್ತು ವಾರ ಎಣಿಸುವುದು ಹತ್ತುವ ದಿನಕ್ಕಲ್ಲ, ಪ್ರಯಾಣ ಮುಗಿಯುವ ದಿನಕ್ಕೆ. ಮೊದಲ ಹಡಗಿಗೆ ಸರಿಯಾದವರು ಎರಡನೆಯದಕ್ಕೆ ತಪ್ಪಬಹುದು. ಆರು ತಿಂಗಳಿಗಿಂತ ಚಿಕ್ಕ ಕೂಸಿಗೂ ಸಾಮಾನ್ಯವಾಗಿ ಪ್ರವೇಶವಿಲ್ಲ.

ಫುಕೆಟ್ ಯಾಕೆ ತಪ್ಪಿತು? ನಕ್ಷೆ ತೆಗೆದು ನೋಡಿದರೆ ತಿಳಿಯುತ್ತದೆ. ಸಿಂಗಪುರದಿಂದ ಪೆನಾಂಗ್‌ವರೆಗೆ ಹಡಗು ಮಲಕ್ಕಾ ಜಲಸಂಧಿಯಲ್ಲಿ ಹೋಗುತ್ತದೆ. ಪಶ್ಚಿಮಕ್ಕೆ ಸುಮಾತ್ರಾ ಅಡ್ಡ ಇರುವುದರಿಂದ ಮುಂಗಾರಿನಲ್ಲೂ ಅಲ್ಲಿ ಅಲೆ ಹೆಚ್ಚಿಲ್ಲ. ಪೆನಾಂಗ್‌ನಲ್ಲಿ ಜಾರ್ಜ್‌ಟೌನಿನ ಸ್ವೆಟೆನ್‌ಹ್ಯಾಮ್ ಧಕ್ಕೆಗೆ ಹಡಗು ನೇರ ತಾಗುತ್ತದೆ, ನಡೆದು ಇಳಿಯುತ್ತೀರಿ. ಅದನ್ನು ದಾಟಿ ಉತ್ತರಕ್ಕೆ ಹೋದರೆ ಅಂಡಮಾನ್ ಸಮುದ್ರ ತೆರೆದುಕೊಳ್ಳುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ನೈಋತ್ಯ ಮಾರುತದ ಅಲೆ ಫುಕೆಟ್‌ನ ಪಶ್ಚಿಮ ದಂಡೆಗೆ ಸೀದಾ ಬಡಿಯುತ್ತದೆ. ದೊಡ್ಡ ಹಡಗುಗಳು ಬಹುತೇಕ ಪಟಾಂಗ್ ಕೊಲ್ಲಿಯಲ್ಲಿ ಲಂಗರು ಹಾಕಿ, ಸಣ್ಣ ದೋಣಿಗಳಲ್ಲಿ ಮಂದಿಯನ್ನು ದಡಕ್ಕೆ ಕಳಿಸುತ್ತವೆ. ಅಲೆ ಎದ್ದಾಗ ಆ ದೋಣಿಗೆ ಕಾಲಿಡುವುದೇ ಅಪಾಯ, ಕ್ಯಾಪ್ಟನ್ ಬೇಡ ಅನ್ನುತ್ತಾನೆ. ಅವನು ಮಾಡುವುದು ಸರಿಯೇ. ಕರಾರಿನಲ್ಲಿ ಬಂದರು ಬದಲಿಸುವ, ಬಿಡುವ ಹಕ್ಕು ಹಡಗಿಗೆ ಇರುತ್ತದೆ, ಸಾಮಾನ್ಯವಾಗಿ ವಾಪಸ್ ಬರುವುದು ಆ ಬಂದರಿನ ತೆರಿಗೆ ಮಾತ್ರ. ನಮ್ಮ ಬೇಸಿಗೆ ರಜೆಯ ಕೊನೆ, ಅವರ ಮುಂಗಾರಿನ ಶುರು, ಎರಡೂ ಒಂದೇ ಕಾಲ ಎಂಬುದನ್ನು ಏಜೆಂಟ್ ಹೇಳುವುದಿಲ್ಲ. ಫುಕೆಟ್ ಇರುವ ಕ್ರೂಸ್ ಬೇಕೆಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ.

ಒಂದು ಗಂಟೆಯ ಬಲೆಯೂ ಇದೆ. ಸಿಂಗಪುರ, ಮಲೇಷ್ಯಾ ಒಂದೇ ಸಮಯ, ಥಾಯ್ಲೆಂಡ್ ಒಂದು ಗಂಟೆ ಹಿಂದೆ. ಹಡಗು ಅನೇಕ ಸಲ ಸಿಂಗಪುರದ ಸಮಯವನ್ನೇ ಇಟ್ಟುಕೊಳ್ಳುತ್ತದೆ, ನಿಮ್ಮ ಮೊಬೈಲ್ ಮಾತ್ರ ಫುಕೆಟ್ ದಡದಲ್ಲಿ ತಾನೇ ಬದಲಾಗುತ್ತದೆ. ‘5 ಗಂಟೆಗೆ ಎಲ್ಲರೂ ಒಳಗೆ’ ಎಂದರೆ ಮೊಬೈಲಿನಲ್ಲಿ 4. ಮೊಬೈಲ್ ನಂಬಿ ಬಂದವರಿಗೆ ಹಡಗು ಕಾಯುವುದಿಲ್ಲ, ಸ್ವಂತ ಖರ್ಚಿನಲ್ಲಿ ವಿಮಾನ ಹಿಡಿದು ಸಿಂಗಪುರಕ್ಕೆ ಹೋಗಬೇಕು. ಒಂದು ಸಾದಾ ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಟ್ಟುಕೊಂಡರೆ ಮುಗಿಯಿತು. ಹಾಗೆಯೇ, ಹಡಗು ಹತ್ತಿದ ಕೂಡಲೇ ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಸಮುದ್ರದ ನಡುವೆ ಸಿಗುವ ಸಿಗ್ನಲ್ ಉಪಗ್ರಹದ್ದು, ನಿಮ್ಮ ರೋಮಿಂಗ್ ಪ್ಯಾಕಿನೊಳಗೆ ಬಾರದೆ ಬಿಲ್ ಏರುತ್ತದೆ.

‘ಹೋಟೆಲಿಗಿಂತ ಅಗ್ಗ’ ಎಂಬ ಮಾತಿಗೆ ಬರೋಣ. ಹಡಗಿನ ದರದಲ್ಲಿ ಕ್ಯಾಬಿನ್, ಮುಖ್ಯ ಊಟದ ಹಾಲ್, ಆಟ, ನಾಟಕ ಸೇರಿರುತ್ತವೆ. ಬಂದರು ತೆರಿಗೆ ಬೇರೆ. ಸಿಬ್ಬಂದಿಯ ಗ್ರಾಚುಯಿಟಿ, ಅಂದರೆ ಟಿಪ್ಸ್, ಬೇರೆ, ಅನೇಕ ಹಡಗುಗಳಲ್ಲಿ ತಲೆಗೆ ರಾತ್ರಿಗೆ 16ರಿಂದ 20 ಅಮೆರಿಕನ್ ಡಾಲರ್. 18 ಎಂದು ಹಿಡಿದರೂ ನಾಲ್ಕು ಮಂದಿಗೆ ಏಳು ರಾತ್ರಿಗೆ 504 ಡಾಲರ್. ವೈಫೈ, ತಂಪು ಪಾನೀಯ, ದಡದ ಸುತ್ತಾಟ ಎಲ್ಲಕ್ಕೂ ದುಡ್ಡು. ವೈಫೈ, ಪಾನೀಯದ ಪ್ಯಾಕೇಜುಗಳು ಬುಕಿಂಗಿಗೆ ಕಟ್ಟಿರುವುದರಿಂದ ಎರಡನೇ ಹಡಗಿಗೆ ಮತ್ತೆ ಕೊಳ್ಳಬೇಕು. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡ್ ಕೊಟ್ಟರೆ ಹಡಗು ಅದರಲ್ಲಿ ಒಂದಷ್ಟು ಹಣವನ್ನು ಹಿಡಿದಿಡುತ್ತದೆ, ಬಿಡುಗಡೆಯಾಗಲು ದಿನಗಟ್ಟಲೆ ಬೇಕು. ಮಧ್ಯದ ದಿನ ಕೈ ಖಾಲಿಯಾಗುವುದು ಇದರಿಂದಲೇ. ಕ್ರೆಡಿಟ್ ಕಾರ್ಡ್ ವಾಸಿ.

ದಿನಗಳ ಲೆಕ್ಕದಲ್ಲೂ ಗಾಳಿ ತುಂಬಿರುತ್ತದೆ. ‘4 ರಾತ್ರಿ 5 ದಿನ’ದಲ್ಲಿ ಮೊದಲ ದಿನ ಸಂಜೆ ಹೊರಡುತ್ತದೆ, ಕೊನೆಯ ದಿನ ಬೆಳಗ್ಗೆ ಇಳಿಸುತ್ತಾರೆ. ಉಳಿದದ್ದು ಮೂರು, ಅದರಲ್ಲಿ ಒಂದು ಬರೀ ಸಮುದ್ರ. ಹಾಗಂತ ಸಮುದ್ರದ ದಿನ ಬೇಸರದ್ದೆಂದು ಅಲ್ಲ, ಕೆಲವರಿಗೆ ಅದೇ ಇಷ್ಟ. ಆದರೆ ದ್ವೀಪ ನೋಡಬೇಕು, ಮಕ್ಕಳನ್ನು ನೀರಿಗೆ ಬಿಡಬೇಕು ಎನ್ನುವವರಿಗೆ ಹಡಗು ಕೊಡುವುದು ಬಂದರಿಗೆ ಕೆಲವೇ ಗಂಟೆ.

ನಮ್ಮ ಅಭಿಪ್ರಾಯ ಕೇಳಿದರೆ, ಏಳು ರಾತ್ರಿಗೆ ಮೂರೋ ನಾಲ್ಕೋ ರಾತ್ರಿಯ ಒಂದೇ ಕ್ರೂಸ್ ಸಾಕು. ಉಳಿದದ್ದನ್ನು ಒಂದು ದ್ವೀಪದ ಹೋಟೆಲಿನಲ್ಲಿ ಕಳೆಯಿರಿ. ಸಿಂಗಪುರದಿಂದ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಹೋಟೆಲಿನಲ್ಲಿ ಹಿಂದಿನ ದಿನದವರೆಗೂ ರದ್ದು ಮಾಡಬಹುದಾದ ದರ ಸಿಗುತ್ತದೆ, ಮಳೆ ಬಂದರೆ ನಾಳೆ ಬೀಚಿಗೆ ಹೋಗಬಹುದು, ಹಿರಿಯರು ಮಲಗಿದ್ದರೆ ಯಾರೂ ಎಬ್ಬಿಸುವುದಿಲ್ಲ. ಹೋಟೆಲಿಗೂ ಅದರದೇ ಕೊಕ್ಕೆಗಳಿವೆ. ಮಲೇಷ್ಯಾದಲ್ಲಿ ವಿದೇಶಿಯರಿಗೆ ರೂಮಿಗೆ ರಾತ್ರಿಗೆ 10 ರಿಂಗಿಟ್ ಪ್ರವಾಸ ತೆರಿಗೆಯನ್ನು ಕೌಂಟರಿನಲ್ಲೇ ಕೇಳುತ್ತಾರೆ, ಡಿಪಾಸಿಟ್ ಬೇರೆ ಹಿಡಿಯುತ್ತಾರೆ. ‘ಬೀಚ್ ಹೋಟೆಲ್’ ರಸ್ತೆಯ ಆಚೆ ಇರಬಹುದು, ನಕ್ಷೆಯಲ್ಲಿ ಅಳೆಯಿರಿ. ಫುಕೆಟ್‌ನಲ್ಲೇ ಉಳಿಯುವುದಾದರೆ ಮುಂಗಾರಿನಲ್ಲಿ ಕೆಂಪು ಬಾವುಟ ಇದ್ದ ಕಡೆ ಮೊಣಕಾಲಿನ ನೀರಿಗೂ ಇಳಿಯಬೇಡಿ. ತುಂಗಭದ್ರೆಯಲ್ಲಿ ಈಜಿದ ಧೈರ್ಯ ಆ ಸೆಳೆತದ ಮುಂದೆ ನಡೆಯುವುದಿಲ್ಲ.

ಎರಡು ಕ್ರೂಸ್ ಒಟ್ಟಿಗೆ ಒಪ್ಪುವ ಸಂದರ್ಭ ಒಂದಿದೆ: ಅದೇ ಹಡಗು, ಅದೇ ಕ್ಯಾಬಿನ್, ಬೇರೆ ಬೇರೆ ಬಂದರು, ಮತ್ತು ಊರು ಸುತ್ತುವುದಕ್ಕಿಂತ ಹಡಗಿನಲ್ಲಿ ಕೂರುವುದೇ ಬೇಕು ಎನ್ನುವ ಮನೆ. ಸೂಟ್‌ಕೇಸ್ ಎತ್ತಿ ಇಳಿಸಲಾಗದ ವಯಸ್ಸಿನವರಿಗೆ ಅದು ನಿಜಕ್ಕೂ ಹೋಟೆಲ್ ಬದಲಿಸುವುದಕ್ಕಿಂತ ಸುಖ.

ಹೊರಡುವ ದಿನ ಇಟ್ಟುಕೊಳ್ಳುವಾಗ, ಹಡಗು ಹೊರಡುವ ದಿನವೇ ಸಿಂಗಪುರ ಮುಟ್ಟುವ ವಿಮಾನ ಬೇಡ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬಳ್ಳಾರಿ, ಹೊಸಪೇಟೆಯವರು ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬೆಳಗ್ಗೆ ಬೆಂಗಳೂರು ಸೇರಿ ರಾತ್ರಿಯ ವಿಮಾನ ಹಿಡಿದರೂ ಸಿಂಗಪುರದಲ್ಲಿ ಒಂದು ರಾತ್ರಿ ಮೊದಲೇ ಇರುವಂತೆ ನೋಡಿಕೊಳ್ಳಿ. ವಾಪಸಿಗೆ ಮಧ್ಯಾಹ್ನದ ಮೇಲಿನ ವಿಮಾನ. ಚಟ್ನಿಪುಡಿ, ಕಡಕ್ ರೊಟ್ಟಿಗಿಂತ ಹೆಚ್ಚಾಗಿ ಸಿಕ್ಕಿಬೀಳುವುದು ರೈಸ್ ಕುಕ್ಕರ್, ನೀರು ಕಾಯಿಸುವ ಕಾಯಿಲ್, ಎಕ್ಸ್‌ಟೆನ್ಷನ್ ಬಾಕ್ಸ್. ಹಡಗಿನಲ್ಲಿ ಬೆಂಕಿಯ ಭಯಕ್ಕೆ ಎಲ್ಲ ಕಿತ್ತಿಟ್ಟುಕೊಳ್ಳುತ್ತಾರೆ. ಗುಟ್ಕಾ, ಜರ್ದಾ ಅಂತೂ ಸಿಂಗಪುರದಲ್ಲಿ ನಿಷೇಧ, ಜೇಬಿನಲ್ಲಿ ಒಂದು ಪೊಟ್ಟಣವೂ ಉಳಿಯಬಾರದು. ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಬುಕಿಂಗಿನಲ್ಲೇ ಬರೆಸಿ, ಎರಡರಲ್ಲೂ.

ಏಜೆಂಟನಿಂದ ವಾಟ್ಸ್‌ಆ್ಯಪಿನಲ್ಲಾದರೂ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕಾದದ್ದು: ಬುಕಿಂಗ್ ನಂಬರ್ ಎಷ್ಟು, ಕ್ಯಾಬಿನ್ ನಂಬರ್ ಎರಡರಲ್ಲೂ ಒಂದೇನಾ, ಪ್ರತಿ ಬಂದರಿನಲ್ಲಿ ಎಷ್ಟು ಗಂಟೆ, ಗ್ರಾಚುಯಿಟಿ ಸೇರಿದೆಯೇ, ಯಾವ ತಾರೀಖಿಗೆ ರದ್ದು ಮಾಡಿದರೆ ಎಷ್ಟು ಕಡಿತ. ಟೂರ್ ಪ್ಯಾಕೇಜಿಗೆ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿದಿದ್ದರೆ ಅದು ನಿಮ್ಮ ಪಾನ್ ಮೇಲೆ ಆದಾಯ ತೆರಿಗೆ ತಾಣದ ನಿಮ್ಮ ತೆರಿಗೆ ಲೆಕ್ಕದಲ್ಲಿ ಕಾಣಬೇಕು, ರಿಟರ್ನ್ಸ್ ತುಂಬುವಾಗ ಹೊಂದಿಸಿಕೊಳ್ಳಬಹುದು. ಕಾಣದಿದ್ದರೆ ಕಟ್ಟಿದ್ದಾನೆಯೇ ಎಂದು ಅವನನ್ನು ಕೇಳಿ.

ಈಗಾಗಲೇ ಮುಂಗಡ ಕೊಟ್ಟಿದ್ದರೆ ಮೊದಲು ಕೇಳಬೇಕಾದದ್ದು ಪೂರ್ತಿ ಹಣ ಕಟ್ಟುವ ಕೊನೆಯ ದಿನ. ಅದು ಸಾಮಾನ್ಯವಾಗಿ ಹೊರಡುವುದಕ್ಕೆ ಎರಡು ಮೂರು ತಿಂಗಳ ಹಿಂದೆ ಬರುತ್ತದೆ. ಅದರೊಳಗೆ ಎರಡನೇ ಕ್ರೂಸ್ ಕೈಬಿಟ್ಟರೆ ಹೋಗುವುದು ಮುಂಗಡದಷ್ಟು, ದಾಟಿದರೆ ಕಡಿತ ಏರುತ್ತಾ ಕೊನೆಗೆ ಪೂರ್ತಿ. ಒಂದೇ ಪ್ರಯಾಣ ಎಂದು ಹೇಳಿ ಎರಡು ಮಾರಿದ್ದಕ್ಕೆ ಪುರಾವೆ ಇದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಏಜೆಂಟ್ ಬೆಂಗಳೂರಿನವನಾದರೂ ನೀವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ಅಲ್ಲಿಯವರೆಗೆ ಬ್ರೋಷರ್, ವೋಚರ್, ರಸೀದಿ, ಏಜೆಂಟನ ವಾಟ್ಸ್‌ಆ್ಯಪ್ ಸಂದೇಶ ಯಾವುದನ್ನೂ ಅಳಿಸಬೇಡಿ.