ಬೋರ್ಗ್ ಬ್ಯಾಕಪ್: ನಿಧಾನದ ಅಪ್‌ಲೋಡ್ ಇರುವವರಿಗೆ ನಾನು ಧೈರ್ಯವಾಗಿ ಹೇಳುವ ತಂತ್ರಾಂಶ

ನಮ್ಮದು ಪುಸ್ತಕ, ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ ಅಚ್ಚು ಹಾಕುವ ಸಣ್ಣ ಪ್ರೆಸ್. ಎಲ್ಲ ಫೈಲುಗಳೂ ಒಂದು ಲಿನಕ್ಸ್ ಸರ್ವರ್‌ನಲ್ಲಿವೆ. ಡಿಸೈನ್ ಮಾಡುವವರ ವಿಂಡೋಸ್ ಕಂಪ್ಯೂಟರ್‌ಗಳು ಸಾಂಬಾ (ಲಿನಕ್ಸ್ ಫೋಲ್ಡರನ್ನು ವಿಂಡೋಸ್‌ಗೆ ಹಂಚುವ ತಂತ್ರಾಂಶ) ಮೂಲಕ ಅಲ್ಲಿಂದಲೇ ಫೈಲು ತೆರೆಯುತ್ತವೆ. ರಾತ್ರಿ ಆ ಸರ್ವರ್‌ನ ಬ್ಯಾಕಪ್ ಬೇರೆ ಊರಿನಲ್ಲಿರುವ ಇನ್ನೊಂದು ಲಿನಕ್ಸ್ ಯಂತ್ರಕ್ಕೆ ಹೋಗುತ್ತದೆ. ಹಲವು ವರ್ಷಗಳಿಂದ ಈ ಕೆಲಸ ಮಾಡುತ್ತಿರುವುದು ಬೋರ್ಗ್ ಬ್ಯಾಕಪ್. ಪುಕ್ಕಟೆ, ಓಪನ್ ಸೋರ್ಸ್. 2015ರಲ್ಲಿ ಆಟಿಕ್ ಎಂಬ ತಂತ್ರಾಂಶದಿಂದ ಕವಲೊಡೆದು ಬಂದದ್ದು.

ನಮ್ಮ ಕಷ್ಟ ಏನಿತ್ತು ಅಂದರೆ ಅಪ್‌ಲೋಡ್. ಸಣ್ಣ ಊರುಗಳಲ್ಲಿ ಡೌನ್‌ಲೋಡ್ ವೇಗ ಚೆನ್ನಾಗಿ ಸಿಕ್ಕರೂ ಅಪ್‌ಲೋಡ್ ಎಷ್ಟೋ ಕಡೆ ಕಡಿಮೆ. 10 ಎಂಬಿಪಿಎಸ್ ಅಂದರೆ ಸೆಕೆಂಡಿಗೆ ಸುಮಾರು 1.25 ಎಂಬಿ, ಗಂಟೆಗೆ ನಾಲ್ಕೂವರೆ ಜಿಬಿ. 300 ಜಿಬಿ ಕಳಿಸಬೇಕಾದರೆ ಸುಮಾರು 67 ಗಂಟೆ. ಅದೂ ನೆಟ್ ಒಮ್ಮೆಯೂ ಕೈಕೊಡದೆ ಇದ್ದರೆ. ಹಾಗಾಗಿ ಬ್ಯಾಕಪ್ ಬೇಗ ಮುಗಿಯಬೇಕಾದರೆ ಇರುವುದು ಒಂದೇ ದಾರಿ: ಕಳಿಸುವುದನ್ನೇ ಕಡಿಮೆ ಮಾಡುವುದು.

ಬೋರ್ಗ್ ಈ ಕೆಲಸವನ್ನು ನಮ್ಮ ಯಂತ್ರದಲ್ಲೇ ಮಾಡುತ್ತದೆ. ಹಿಂದಿನ ಸಲದಿಂದ ಬದಲಾಗದ ಫೈಲನ್ನು ಅದು ಓದುವುದೇ ಇಲ್ಲ. ಗಾತ್ರ, ಐನೋಡ್ (ಡಿಸ್ಕ್‌ನಲ್ಲಿ ಫೈಲಿಗಿರುವ ಗುರುತಿನ ಸಂಖ್ಯೆ), ಬದಲಾದ ಸಮಯ ನೋಡಿ ಮುಂದೆ ಹೋಗುತ್ತದೆ. ಬದಲಾದ ಫೈಲನ್ನು ಓದಿ ಚೂರು ಮಾಡುತ್ತದೆ. ಒಂದು ಚೂರು ಕನಿಷ್ಠ 512 ಕೆಬಿ, ಗರಿಷ್ಠ 8 ಎಂಬಿ, ಸರಾಸರಿ 2 ಎಂಬಿ ಆಸುಪಾಸು. ಎಲ್ಲಿ ಕತ್ತರಿಸಬೇಕು ಅನ್ನುವುದನ್ನು ಫೈಲಿನೊಳಗಿನ ಬೈಟುಗಳೇ ತೀರ್ಮಾನಿಸುತ್ತವೆ. ಇದು ಬಹಳ ಮುಖ್ಯ. ಅಳತೆ ಹಿಡಿದು ಕತ್ತರಿಸಿದರೆ, ಫೈಲಿನ ಶುರುವಿನಲ್ಲಿ ನಾಲ್ಕು ಬೈಟು ಸೇರಿದರೂ ಮುಂದಿನ ಚೂರುಗಳೆಲ್ಲ ಸರಿದು ಹೊಸದಾಗಿ ಕಾಣುತ್ತವೆ. ಬೋರ್ಗ್‌ನ ಪದ್ಧತಿಯಲ್ಲಿ ಬದಲಾದ ಜಾಗದ ಒಂದೆರಡು ಚೂರು ಮಾತ್ರ ಹೊಸದು. ಪ್ರತಿ ಚೂರಿಗೂ ಒಂದು ಗುರುತು ಇರುತ್ತದೆ. ಆ ಗುರುತು ಈಗಾಗಲೇ ಇದೆಯಾ ಎಂದು ತನ್ನ ಬಳಿಯ ಪಟ್ಟಿಯಲ್ಲೇ ನೋಡುತ್ತದೆ, ಅದಕ್ಕಾಗಿ ದೂರದ ಯಂತ್ರದ ತನಕ ಹೋಗಿ ಬರುವುದಿಲ್ಲ. ಇಲ್ಲದ ಚೂರನ್ನು ಮಾತ್ರ ಕುಗ್ಗಿಸಿ, ಎನ್‌ಕ್ರಿಪ್ಟ್ ಮಾಡಿ (ಕೀಲಿ ಇಲ್ಲದೆ ಓದಲಾಗದಂತೆ ಮಾಡಿ) ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಕಳಿಸುತ್ತದೆ.

ನಮಗೆ ಇದರ ಬೆಲೆ ಗೊತ್ತಾಗುವುದು ಪ್ರತಿ ಏಪ್ರಿಲ್‌ನಲ್ಲಿ. ಹಣಕಾಸು ವರ್ಷ ಮುಗಿದ ಕೂಡಲೇ ಹಳೆಯ ಕೆಲಸಗಳನ್ನೆಲ್ಲ ಆ ವರ್ಷದ ಹೆಸರಿನ ಫೋಲ್ಡರ್‌ಗೆ ಸೇರಿಸುತ್ತೇವೆ. ಫೈಲು ನಕಲಿಸಲು ಸಾಮಾನ್ಯವಾಗಿ ಬಳಸುವ ಆರ್‌ಸಿಂಕ್ ತಂತ್ರಾಂಶಕ್ಕೆ ಜಾಗ ಬದಲಾದ ಫೈಲು ಅಂದರೆ ಹೊಸ ಫೈಲು, ಮತ್ತೆ ಪೂರ್ತಿ ಕಳಿಸುತ್ತದೆ. ಬೋರ್ಗ್ ಫೈಲನ್ನು ಡಿಸ್ಕ್‌ನಿಂದ ಮತ್ತೆ ಓದುತ್ತದೆ, ನಿಜ. ಆದರೆ ಚೂರುಗಳೆಲ್ಲ ಹಳೆಯವೇ ಆದ್ದರಿಂದ ನೆಟ್‌ನಲ್ಲಿ ಹೋಗುವುದು ಹೆಸರು, ದಾರಿಗಳ ಮಾಹಿತಿ ಮಾತ್ರ. ಒಂದೇ ಪುಸ್ತಕ ‘ಫೈನಲ್’, ‘ಫೈನಲ್ 2’, ‘ಕರಡು ತಿದ್ದಿದ್ದು’ ಎಂದು ಮೂರು ಕಡೆ ಇರುತ್ತದಲ್ಲ, ಅದರಲ್ಲಿರುವ ಸ್ಕ್ಯಾನ್ ಚಿತ್ರಗಳ ಪ್ರತಿಗಳೂ ಒಂದೇ ಸಲ ಹೋಗುತ್ತವೆ. ಪ್ರೆಸ್‌ಗಳಲ್ಲಿ ಇಂಥ ನಕಲು ಎಷ್ಟಿರುತ್ತದೆ ಎಂದು ಈ ಕೆಲಸದವರಿಗೆ ಗೊತ್ತು.

ಎರಡನೆಯ ಲಾಭ ಹಳೆಯ ವಿಂಡೋಸ್‌ನದ್ದು. ಯೂನಿಕೋಡ್ ಬರುವ ಮೊದಲಿನ ಕನ್ನಡ ಫಾಂಟ್‌ಗಳಲ್ಲಿ, ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿ ಕಟ್ಟಿದ ಪುಸ್ತಕಗಳು ಇನ್ನೂ ಮರುಮುದ್ರಣಕ್ಕೆ ಬರುತ್ತವೆ. ಅದಕ್ಕಾಗಿ ಹಳೆಯ ವಿಂಡೋಸ್ ಓಡುವ ಒಂದು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಲ್ಲೇ ಓಡುವ ಇನ್ನೊಂದು ಕಂಪ್ಯೂಟರ್) ಇಟ್ಟುಕೊಂಡಿದ್ದೇವೆ. ಅದರ ಡಿಸ್ಕ್ ಒಂದೇ ದೊಡ್ಡ ಫೈಲು, 60 ಜಿಬಿ. ಒಂದು ಪುಟ ತಿದ್ದಿದರೂ ಇಡೀ ಫೈಲು ಬದಲಾದ ಲೆಕ್ಕ. ಬೋರ್ಗ್ ಅದನ್ನು ಪೂರ್ತಿ ಓದಲೇಬೇಕು. ಸೆಕೆಂಡಿಗೆ 120 ಎಂಬಿ ಓದುವ ಹಾರ್ಡ್ ಡಿಸ್ಕ್‌ನಲ್ಲಿ ಅದಕ್ಕೆ ಎಂಟು ನಿಮಿಷದ ಮೇಲೆ ಬೇಕು. ಆದರೆ ನೆಟ್‌ನಲ್ಲಿ ಹೋಗುವುದು ಬದಲಾದ ಚೂರುಗಳಷ್ಟೇ. ಇಂಥ ಫೈಲುಗಳಿಗೆ 1.2 ಆವೃತ್ತಿಯಿಂದ ಸಮ ಅಳತೆಯ ಚೂರಿನ ಆಯ್ಕೆಯೂ ಬಂದಿದೆ. ಡಿಸ್ಕ್ ಫೈಲಿನಲ್ಲಿ ಬೈಟುಗಳು ಸರಿಯುವುದಿಲ್ಲ, ಇದ್ದಲ್ಲೇ ಬದಲಾಗುತ್ತವೆ. ಆದ್ದರಿಂದ ಅಲ್ಲಿ ಅದೇ ಸರಿ, ಬೇಗ ಕೂಡ. ಬ್ಯಾಕಪ್‌ಗೆ ಮುಂಚೆ ಆ ಮಷಿನ್ ಆಫ್ ಆಗಿರಬೇಕು, ಇಲ್ಲವೇ ಡಿಸ್ಕ್‌ನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವ ಸ್ನ್ಯಾಪ್‌ಶಾಟ್ ತೆಗೆದಿರಬೇಕು.

ಈಗ ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಡೇಟಾವನ್ನು ಮೊದಲೇ ಜಿಪ್ ಮಾಡಿ ಬೋರ್ಗ್‌ಗೆ ಕೊಡಬೇಡಿ. ಎಷ್ಟೋ ಕಡೆ ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡಂಪ್ (ಎಲ್ಲ ಮಾಹಿತಿಯ ಒಂದು ಫೈಲು) ತೆಗೆದು, ಜಿಜಿಪ್ ತಂತ್ರಾಂಶದಿಂದ ಕುಗ್ಗಿಸಿ, ದಿನಾಂಕ ಹಾಕಿ ಇಡುವ ಸ್ಕ್ರಿಪ್ಟ್ ಇರುತ್ತದೆ. ಜಾಗ ಉಳಿಸುವ ಒಳ್ಳೆಯ ಉದ್ದೇಶವೇ. ಆದರೆ ಜಿಜಿಪ್‌ನಲ್ಲಿ ಶುರುವಿನ ಒಂದು ಸಾಲು ಬದಲಾದರೂ ಅಲ್ಲಿಂದ ಮುಂದಿನ ಬೈಟುಗಳೆಲ್ಲ ಬೇರೆಯಾಗಿಬಿಡುತ್ತವೆ. ನಿನ್ನೆಯ ಫೈಲಿಗೂ ಇವತ್ತಿನದ್ದಕ್ಕೂ ಹೊಂದುವ ಚೂರೇ ಸಿಗುವುದಿಲ್ಲ. ಪ್ರತಿ ರಾತ್ರಿ ಪೂರ್ತಿ ಡಂಪ್ ಹೋಗುತ್ತದೆ. ಡಂಪನ್ನು ಹಾಗೇ ಬಿಟ್ಟು, ಕುಗ್ಗಿಸುವ ಕೆಲಸ ಬೋರ್ಗ್‌ಗೇ ಕೊಡಿ. ಅದು ಮೊದಲು ಚೂರು ಮಾಡಿ, ಆಮೇಲೆ ಕುಗ್ಗಿಸುತ್ತದೆ. ಈ ಕ್ರಮದಲ್ಲೇ ಇರುವುದು ಗುಟ್ಟು. ತಾನಾಗಿಯೇ ಎಲ್‌ಝಡ್4 ಎಂಬ ಕುಗ್ಗಿಸುವ ವಿಧಾನ ಬಳಸುತ್ತದೆ. ನೆಟ್ ನಿಧಾನವಿದ್ದು ಪ್ರೊಸೆಸರ್ ಬಿಡುವಾಗಿದ್ದರೆ ಝಡ್‌ಸ್ಟ್ಯಾಂಡರ್ಡ್ ಹಾಕಿಕೊಳ್ಳಿ, ಇನ್ನೂ ಕಡಿಮೆ ಹೋಗುತ್ತದೆ. ಜಿಜಿಪ್ ಬೇಕೇ ಬೇಕು ಅನ್ನುವವರು ಅದರ ‘ಆರ್‌ಸಿಂಕೇಬಲ್’ ಆಯ್ಕೆ ಬಳಸಬಹುದು, ಸ್ವಲ್ಪ ವಾಸಿ.

ಮದುವೆ ಫೋಟೊ, ವಿಡಿಯೊ ಇಟ್ಟುಕೊಂಡಿರುವ ಸ್ಟುಡಿಯೋದವರು ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹೊಸ ಫೋಟೊ ಅಂದರೆ ಹೊಸ ಡೇಟಾ, ಪೂರ್ತಿ ಹೋಗಲೇಬೇಕು. ಜೆಪೆಗ್ ಮತ್ತೆ ಕುಗ್ಗುವುದೂ ಇಲ್ಲ. ಫೋಲ್ಡರ್ ಹೆಸರು ಬದಲಿಸಿದಾಗ, ಒಂದೇ ಫೋಟೊ ಎರಡು ಕಡೆ ಇದ್ದಾಗ ಮಾತ್ರ ಲಾಭ.

ಮೊದಲ ಬ್ಯಾಕಪ್‌ಗೂ ಈ ತಂತ್ರದಿಂದ ದೊಡ್ಡ ಸಹಾಯ ಇಲ್ಲ. ಅದನ್ನು ಆಫೀಸಿನಲ್ಲೇ, ಲ್ಯಾನ್ ಮೇಲೆ ಒಂದು ಡಿಸ್ಕ್‌ಗೆ ಮಾಡಿ, ಆ ಡಿಸ್ಕನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ದೂರದ ಯಂತ್ರಕ್ಕೆ ಸೇರಿಸುವುದು ಒಳ್ಳೆಯದು. ಮುಂದಿನ ಸಲ ರೆಪೊಸಿಟರಿಯ (ಬ್ಯಾಕಪ್‌ಗಳನ್ನು ಕೂಡಿಡುವ ಉಗ್ರಾಣದ) ಜಾಗ ಬದಲಾಗಿದೆ, ಸರಿನಾ ಎಂದು ಬೋರ್ಗ್ ಕೇಳುತ್ತದೆ. ಹೌದು ಅಂದರೆ ಆಯಿತು. ನಡುವೆ ಕರೆಂಟು ಹೋದರೂ ಕೆಲಸ ವ್ಯರ್ಥವಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಚೆಕ್‌ಪಾಯಿಂಟ್ ಉಳಿಸಿರುತ್ತದೆ. ಅಲ್ಲಿಯವರೆಗೆ ಹೋದ ಚೂರುಗಳನ್ನು ಮತ್ತೆ ಕಳಿಸುವುದಿಲ್ಲ. ಕೆಲವೊಮ್ಮೆ ಹಳೆಯ ಲಾಕ್ (ಇನ್ನೊಂದು ಬ್ಯಾಕಪ್ ನಡುವೆ ಬರೆಯದಂತೆ ಹಾಕುವ ಬೀಗ) ಉಳಿದುಕೊಂಡು ಮುಂದಿನ ಬ್ಯಾಕಪ್ ನಿಲ್ಲಬಹುದು. ಬೇರೆ ಯಾವುದೂ ಓಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು ‘ಬ್ರೇಕ್ ಲಾಕ್’ ಆದೇಶ ಕೊಟ್ಟರೆ ಸಾಕು.

ಹಲವು ಯಂತ್ರಗಳನ್ನು ಒಂದೇ ರೆಪೊಸಿಟರಿಗೆ ಹಾಕಿದರೆ ನಕಲು ಇನ್ನೂ ಕಡಿಮೆಯಾಗುತ್ತದೆ ಅಂತ ಆಸೆಯಾಗುತ್ತದೆ. ಬೇಡ. ಒಂದು ಸಲಕ್ಕೆ ಒಂದೇ ಯಂತ್ರ ಬರೆಯಬಹುದು. ಜೊತೆಗೆ ಇನ್ನೊಂದು ಯಂತ್ರ ಬರೆದ ಮೇಲೆ ಇದರ ಚೂರುಗಳ ಪಟ್ಟಿ ಹಳತಾಗಿ, ಅದನ್ನು ಮತ್ತೆ ಹೊಂದಿಸಿಕೊಳ್ಳುವುದರಲ್ಲೇ ಸಮಯ ಹೋಗುತ್ತದೆ. ಯಂತ್ರಕ್ಕೊಂದು ರೆಪೊಸಿಟರಿ ಇರಲಿ.

ವಿಂಡೋಸ್‌ನಲ್ಲಿ ನೇರವಾಗಿ ಓಡಿಸಬೇಕು ಅಥವಾ ಅಮೆಜಾನ್‌ನ ಎಸ್3 ಥರದ ಕ್ಲೌಡ್‌ಗೆ ಕಳಿಸಬೇಕು ಅನ್ನುವವರಿಗೆ ರೆಸ್ಟಿಕ್ ಹೆಚ್ಚು ಅನುಕೂಲ. ಅದೂ ಇದೇ ರೀತಿ ನಮ್ಮ ಕಡೆಯಲ್ಲೇ ನಕಲು ತೆಗೆಯುತ್ತದೆ. ಕುಗ್ಗಿಸುವ ಸೌಲಭ್ಯ ಅದಕ್ಕೆ 2022ರಲ್ಲಿ ಬಂತು. ಬೋರ್ಗ್ 1ರ ಸರಣಿಗೆ ಆ ಕಡೆ ಎಸ್‌ಎಸ್‌ಎಚ್ ಇರುವ ಯಂತ್ರ ಬೇಕು. ಟರ್ಮಿನಲ್ ಎಂದರೆ ಹಿಂಜರಿಯುವವರಿಗೆ ವೋರ್ಟಾ ಎಂಬ ಕಿಟಕಿ ರೂಪದ ಮುಖವಿದೆ.

ಹಳೆಯ ಬ್ಯಾಕಪ್ ತೆಗೆಯಲು ‘ಪ್ರೂನ್’ ಕೊಡುತ್ತೇವೆ. 1.2ರಿಂದ ಅದೊಂದೇ ಸಾಲದು, ‘ಕಾಂಪ್ಯಾಕ್ಟ್’ ಓಡಿಸಿದ ಮೇಲೆಯೇ ಡಿಸ್ಕ್‌ನಲ್ಲಿ ಜಾಗ ಬಿಡುವಾಗುತ್ತದೆ. ಕೀಲಿಯನ್ನು ಎಕ್ಸ್‌ಪೋರ್ಟ್ ಮಾಡಿ ಕಾಗದದ ಮೇಲೆ ಅಚ್ಚು ಹಾಕಿ ಇಟ್ಟಿದ್ದೇವೆ, ಅದಕ್ಕೆಂದೇ ಒಂದು ಆಯ್ಕೆ ಇದೆ. ಪಾಸ್‌ವರ್ಡ್ ಮರೆತರೆ ಮಾತ್ರ ಆ ಕಾಗದವೂ ಕೈಹಿಡಿಯುವುದಿಲ್ಲ.

ಕಳಿಸುವಾಗ ಉಳಿಯುವ ಸಮಯ ವಾಪಸ್ ತರುವಾಗ ಉಳಿಯುವುದಿಲ್ಲ ಅನ್ನುವುದನ್ನೂ ನೆನಪಿಡಿ. ಒಂದು ಫೈಲು ಬೇಕಾದರೆ ‘ಮೌಂಟ್’ ಮಾಡಿ ಫೋಲ್ಡರ್ ಥರ ತೆರೆದು ತೆಗೆದುಕೊಳ್ಳಬಹುದು, ತುಂಬ ಸಲೀಸು. ಆದರೆ ಸರ್ವರ್ ಡಿಸ್ಕೇ ಹೋದರೆ 300 ಜಿಬಿ ಪೂರ್ತಿ ಇಳಿಸಬೇಕು. ಆ ಕಡೆಯಿಂದ ಬರುವುದೂ ಅಲ್ಲಿನ ಅಪ್‌ಲೋಡ್ ವೇಗದಲ್ಲೇ. 100 ಎಂಬಿಪಿಎಸ್ ಸಿಕ್ಕರೂ ಏಳು ಗಂಟೆಯ ಆಸುಪಾಸು, 10 ಆದರೆ ಮತ್ತೆ ಅದೇ 67 ಗಂಟೆ. ಇನ್ನೊಂದು ವಿಷಯ: ಒಂದು ಚೂರು ಒಂದೇ ಸಲ ಇರುವುದರಿಂದ, ಅದು ಕೆಟ್ಟರೆ ಅದನ್ನು ಬಳಸುವ ಎಲ್ಲ ದಿನಗಳ ಬ್ಯಾಕಪ್‌ಗೂ ಪೆಟ್ಟು. ಅದಕ್ಕೇ ಆಫೀಸಿನಲ್ಲೇ ಇನ್ನೊಂದು ಡಿಸ್ಕ್‌ನಲ್ಲಿ ಬೇರೆಯದೇ ರೆಪೊಸಿಟರಿ ಇಟ್ಟಿದ್ದೇವೆ. ಒಂದರ ನಕಲಲ್ಲ, ಎರಡಕ್ಕೂ ಬೋರ್ಗ್ ಬೇರೆ ಬೇರೆಯಾಗಿ ಓಡುತ್ತದೆ. ತಿಂಗಳಿಗೊಮ್ಮೆ ಎರಡರ ಮೇಲೂ ‘ಚೆಕ್’ ಓಡಿಸಿ, ಒಂದೆರಡು ಹಳೆಯ ಪುಸ್ತಕಗಳನ್ನು ವಾಪಸ್ ತಂದು ತೆರೆದು ನೋಡುತ್ತೇವೆ.