ಗಾಜಿಗೆ ಪೂರ್ತಿ ಅಂಕ, ಚೀಲಕ್ಕೆ ಸೊನ್ನೆ: ಘಟ್ಟದ ಮಳೆಯಲ್ಲಿ 8×42 ಬೈನಾಕ್ಯುಲರ್

ಹತ್ತು-ಹನ್ನೆರಡು ಸಾವಿರದ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಅಗಲದ ಮುಂಗಾಜಿನ) ಬೈನಾಕ್ಯುಲರ್ ಕೊಂಡರೆ ಕಪ್ಪು ಚೀಲವೊಂದು ಪುಕ್ಕಟೆ ಬರುತ್ತದೆ. ಒಳಗೆ ಸ್ಪಂಜು, ಹೊರಗೆ ದಪ್ಪ ಬಟ್ಟೆ, ನೋಡಲು ಗಟ್ಟಿಮುಟ್ಟು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರು ಜೂನ್ ಬಂದ ಕೂಡಲೇ ಅದನ್ನು ದೂರ ಎಸೆಯಬೇಕು. ಆ ಸ್ಪಂಜು ಒಮ್ಮೆ ತೇವ ಹೀರಿತೆಂದರೆ ದೀಪಾವಳಿವರೆಗೂ ಬಿಡುವುದಿಲ್ಲ. ಅದರೊಳಗಿನ ಕತ್ತಲಲ್ಲಿ ಮಲಗಿದ ಗಾಜಿಗೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಗಾಜಿನ ಮೇಲಿನ ತೆಳು ಲೇಪದ, ಅಂದರೆ ಕೋಟಿಂಗ್‌ನ ಬಗ್ಗೆ ಪುಟಗಟ್ಟಲೆ ಕೊಚ್ಚಿಕೊಳ್ಳುವ ಕೈಪಿಡಿಯಲ್ಲಿ ಇದರ ಸುದ್ದಿ ಒಂದು ಸಾಲೂ ಇಲ್ಲ.

ಒಳಗೆ ಮಂಜು ಕಟ್ಟದಂತೆ ನೈಟ್ರೋಜನ್ ತುಂಬಿದೆಯಲ್ಲ, ಇನ್ನೇನು ಎನ್ನುವವರಿದ್ದಾರೆ. ನೈಟ್ರೋಜನ್ ಮತ್ತು ರಬ್ಬರ್ ಸೀಲು ಕಾಯುವುದು ಕೊಳವೆಯ ಒಳಗನ್ನು. ಹೊರಮೈಗೆ ಅಂಟಿದ ರೆಪ್ಪೆಯ ಜಿಡ್ಡು, ಬೆವರು, ಧೂಳು ಬೂಷ್ಟಿಗೆ ಮೃಷ್ಟಾನ್ನ. ಗಾಳಿಯ ತೇವಾಂಶ ಶೇ 60–65 ದಾಟಿ ಹಾಗೆಯೇ ನಿಂತರೆ ಅದು ಬೆಳೆಯುತ್ತದೆ. ಘಟ್ಟದ ಮೇಲೆ ಆಷಾಢ, ಶ್ರಾವಣದಲ್ಲಿ 90ರ ಆಸುಪಾಸು ಮಾಮೂಲು. ಬೂಷ್ಟು ಬಿಡುವ ಆಮ್ಲ ಕೋಟಿಂಗನ್ನು ತಿನ್ನುತ್ತದೆ, ಆಮೇಲೆ ಒರೆಸಿದರೂ ಕಲೆ ಹೋಗದು. ಪರೀಕ್ಷಿಸಬೇಕೆಂದರೆ ಕೋಣೆ ಕತ್ತಲೆ ಮಾಡಿ ದೊಡ್ಡ ಗಾಜಿನ ಕಡೆಯಿಂದ ಟಾರ್ಚನ್ನು ಓರೆಯಾಗಿ ಬಿಡಿ. ಬಲೆಯಂತೆ ಕವಲೊಡೆದ ಎಳೆ ಕಂಡರೆ ಬೂಷ್ಟು. ಬರೀ ಚುಕ್ಕೆಗಳಾದರೆ ಧೂಳು, ಚಿಂತೆ ಬೇಡ.

ಒಲೆ ಮೇಲಿನ ಅಟ್ಟದಲ್ಲಿಟ್ಟರೆ ಒಣಗುವುದೇನೋ ನಿಜ, ಆದರೆ ಹೊಗೆಯ ಜಿಡ್ಡು ಗಾಜಿಗೆ ಕೂರುತ್ತದೆ. ಕಪಾಟಿನಲ್ಲಿ ಬಲ್ಬು ಉರಿಸುವ ಹಳೇ ಉಪಾಯ ಕೆಲಸ ಮಾಡುತ್ತಿದ್ದದ್ದು ಬಲ್ಬಿನ ಬಿಸಿಯಿಂದ. ಈಗಿನ ಎಲ್‌ಇಡಿಗೆ ಆ ಬಿಸಿ ಎಲ್ಲಿಂದ ಬರಬೇಕು? ಮಳೆಗಾಲದ ಕರೆಂಟಿನ ಕಥೆ ಬೇರೆ.

ರಬ್ಬರ್ ಪಟ್ಟಿಯ ಮುಚ್ಚಳವಿರುವ ಐದು ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆಯ ಗಂಟಿನಲ್ಲಿ 200–250 ಗ್ರಾಂ ಸಿಲಿಕಾ ಜೆಲ್, ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕ ಇಷ್ಟಿದ್ದರೆ ಸಾಕು. ಮುಳ್ಳು 40–50ರ ನಡುವೆ ಇರಲಿ. ಜೆಲ್ಲು ಕಿತ್ತಳೆ ಬಣ್ಣದ್ದೇ ಇರಲಿ; ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಮನೆಗೆ ತರುವುದು ಬೇಡ. ಕಿತ್ತಳೆ ಹಸಿರಿಗೆ ತಿರುಗಿದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತ ಬಣ್ಣ ಮರಳುವವರೆಗೆ ಹುರಿಯಿರಿ. ಆಮೇಲೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿಯಲ್ಲೇ ಆರಲಿ, ತೆರೆದಿಟ್ಟರೆ ಹುರಿದದ್ದೆಲ್ಲ ಮತ್ತೆ ತೇವ ಕುಡಿಯುತ್ತದೆ.

ಸಂಜೆ ಕಾಡಿಂದ ಬಂದವರು ಬೈನಾಕ್ಯುಲರನ್ನು ನೇರ ಡಬ್ಬಿಗೆ ಹಾಕಬಾರದು. ಗಾಜಿನ ಮುಚ್ಚಳ ಬಿಚ್ಚಿ, ಕೊರಳಿನ ಪಟ್ಟಿ ಬೇರೆ ಮಾಡಿ, ಫ್ಯಾನಿನಡಿ ಒಂದು ತಾಸು ಇಡಬೇಕು. ನೆಂದ ಪಟ್ಟಿಯೊಂದೇ ಇಡೀ ಡಬ್ಬಿಯ ಜೆಲ್ಲನ್ನು ಹಾಳು ಮಾಡುತ್ತದೆ. ಒರೆಸುವ ಮುಂಚೆ ರಬ್ಬರ್ ಬ್ಲೋವರ್‌ನಿಂದ ಧೂಳು ಊದಿ, ಮೆತ್ತನೆಯ ಬ್ರಷ್ ಆಡಿಸಿ. ಕೊನೆಗೆ ಲೆನ್ಸ್ ಬಟ್ಟೆಗೆ ಲೆನ್ಸ್ ಒರೆಸುವ ದ್ರಾವಣ ಒಂದು ಹನಿ ಹಾಕಿ ನಡುವಿನಿಂದ ಅಂಚಿಗೆ ಸುತ್ತುತ್ತ ಒರೆಸಬೇಕು. ಪಂಚೆಯ ತುದಿ ಮಾತ್ರ ಬೇಡವೇ ಬೇಡ.

ಕಾರವಾರ, ಅಂಕೋಲೆಯವರಿಗೆ ಬೂಷ್ಟಿಗಿಂತ ಉಪ್ಪು ಕಾಟ ಕೊಡುತ್ತದೆ. ದಡದ ತುಂತುರು ಒಣಗಿದರೆ ಹರಳಾಗುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಕೋಟಿಂಗಿಗೆ ಗೀರು. ಪೂರ್ತಿ ಸೀಲ್ ಆದ ಮಾದರಿಯನ್ನು ಸಣ್ಣ ಧಾರೆಯ ಸಿಹಿನೀರಿನಲ್ಲಿ ತೊಳೆಯಬಹುದು. ಅಲ್ಲದಿದ್ದರೆ ಹಿಂಡಿದ ಒದ್ದೆ ಬಟ್ಟೆ. ಫೋಕಸ್ ಚಕ್ರ ಕರಕರ ಎಂದರೆ ಮರಳು ಹೊಕ್ಕಿದೆ, ಎಣ್ಣೆ ಬಿಡಬೇಡಿ, ಮರಳು ಅಲ್ಲೇ ಅಂಟಿಕೊಳ್ಳುತ್ತದೆ.

ಇಷ್ಟು ಬೈದ ಮೇಲೂ ಈ ಬೈನಾಕ್ಯುಲರನ್ನು ಮಾರುವ ಮನಸ್ಸಾಗದಿರುವುದಕ್ಕೆ ಕಾರಣ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಒಂದು ಸಂಖ್ಯೆ: ಹತ್ತಿರದ ಫೋಕಸ್ 2 ಮೀಟರ್, ಅಂದರೆ ಅಷ್ಟು ಸಮೀಪದ್ದೂ ಸ್ಪಷ್ಟ ಕಾಣುತ್ತದೆ. ಸುರಿಯುವ ಮಳೆಯಲ್ಲಿ ಮಂಗಟ್ಟೆ ಹುಡುಕಿ ಹೋಗುವಂತಿಲ್ಲ, ಜಗುಲಿಯಲ್ಲಿ ಕೂತವರಿಗೆ ಅಂಗಳವೇ ಕಾಡು. ಹೊಳವಾದ ಗಳಿಗೆಯಲ್ಲಿ ಕೇಪಳದ ಹೂವಿಗೆ ಬರುವ ಸಹ್ಯಾದ್ರಿಯ ಬರ್ಡ್‌ವಿಂಗ್, ಅದೇ ನಮ್ಮ ರಾಜ್ಯದ ಚಿಟ್ಟೆ, ಕೂರದೆ ರೆಕ್ಕೆ ಬಡಿಯುತ್ತಲೇ ಜೇನು ಹೀರುವುದು ಇಲ್ಲಿ ಸ್ಪಷ್ಟ. ಹಳದಿ ಹಿಂರೆಕ್ಕೆಯ ಕಪ್ಪು ಗೆರೆಗಳನ್ನು ಎಣಿಸಬಹುದು. ಬೈನಾಕ್ಯುಲರನ್ನು ತಿರುವು ಮುರುವು ಹಿಡಿದು ಕಣ್ಣಿನ ಗಾಜನ್ನು ಎಲೆಯ ತೀರ ಹತ್ತಿರಕ್ಕೆ ತಂದರೆ ಭೂತಗನ್ನಡಿ ಸಿಕ್ಕಂತೆಯೇ. ಇನ್ನು 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬೀಳುವ ಬೆಳಕಿನ ವೃತ್ತ 5.25 ಮಿಲಿಮೀಟರ್. ದಟ್ಟ ಕಾಡಿನ ಬೆಳಗಿನ ಮಬ್ಬಿನಲ್ಲಿ ಕಾಕರಣೆ ಹಕ್ಕಿಯ (ಮಲಬಾರ್ ಟ್ರೋಗನ್) ಕೆಂಪು ಹೊಟ್ಟೆ ಗೊತ್ತಾಗುವುದು ಇದರಿಂದ. 10×42ಕ್ಕೆ 4.2 ಮಾತ್ರ, ಕೈನಡುಕವೂ ಹೆಚ್ಚು.

ಅಘನಾಶಿನಿ ನದಿ ಕಡಲು ಸೇರುವಲ್ಲಿನ ಕೆಸರು ಬಯಲಿನಲ್ಲಿ ಮಾತ್ರ 8 ಪಟ್ಟು ಸಾಲದು. ನೀರಿಳಿದಾಗ ಕೆಸರಲ್ಲಿ ಮೇಯುವ ಉಲ್ಲಂಕಿ ಹಕ್ಕಿಗಳು ದೂರದಲ್ಲಿ ಚುಕ್ಕೆಗಳಾಗಿರುತ್ತವೆ, ಬಿಸಿಲೇರಿದರೆ ಬಿಸಿಗಾಳಿ ಅದನ್ನೂ ನಡುಗಿಸುತ್ತದೆ. ಹೆಚ್ಚು ಪಟ್ಟು ಹಿಗ್ಗಿಸುವ ಒಂಟಿ ಕೊಳವೆಯ ಸ್ಪಾಟಿಂಗ್ ಸ್ಕೋಪಿಗೆ ದುಡ್ಡಿಲ್ಲದವರು ಕಡಲ ಭರತದ ವೇಳಾಪಟ್ಟಿ ನೋಡಿ, ನೀರು ತುಂಬುವ ಎರಡು ತಾಸು ಮೊದಲು ಗಜನಿಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಟ್ಟೆಯ ಬಳಿ, ಸೂರ್ಯ ಬೆನ್ನಿಗಿರುವ ಕಡೆ ನಿಲ್ಲಬೇಕು. ಏರುವ ನೀರೇ ಹಕ್ಕಿಗಳನ್ನು ಹತ್ತಿರಕ್ಕೆ ದೂಡುತ್ತದೆ. ಮರುದಿನ ಹೋಗುವವರು ಸುಮಾರು 50 ನಿಮಿಷ ತಡವಾಗಿ ಹೊರಡಿ, ಭರತ ದಿನಾ ಅಷ್ಟು ಹಿಂದೆ ಬೀಳುತ್ತದೆ.